ಗುರುತಿನ ಕಾಲಂನಲ್ಲಿ ಒಂದು ಪಿಯಾನೊ

ಸಿಡ್ನಿಗೂ ನ್ಯೂಜಿಲೆಂಡಿಗೂ ನಡುವಿನ ಕಡಲಲ್ಲಿರುವ ನಮ್ಮ ನಾರ್ಫೋಕ್ ದ್ವೀಪದಲ್ಲಿ ಜನ ಎರಡು ಸಾವಿರ, ಹಳೆಯ ಮನೆತನಗಳು ಎಂಟು. ಅಂಗಡಿಯ ಮುಂದೆ ನಿಂತು ಕ್ವಿಂಟಲ್ ಎಂದು ಆ ಮನೆತನಗಳಲ್ಲಿ ಒಂದರ ಹೆಸರು ಕೂಗಿದರೆ ಅರ್ಧ ಜನ ತಿರುಗುತ್ತಾರೆ, ಉಳಿದರ್ಧ ತಮ್ಮ ಹೆಂಡತಿಯ ತವರಿನವರನ್ನು ಕರೆದರೇನೋ ಎಂದು ತಿರುಗುತ್ತಾರೆ. ಹಿರಿಯರು ಅಷ್ಟಕ್ಕೇ ಬಿಡದೆ ತೀರಿಕೊಂಡ ತಾತನ ಹೆಸರನ್ನೇ ಸಾಲಾಗಿ ಮೊಮ್ಮಕ್ಕಳಿಗೆಲ್ಲ ಇಟ್ಟು ಗೊಂದಲವನ್ನು ಭದ್ರಪಡಿಸಿದ್ದಾರೆ. ಅದಕ್ಕೇ ನಾವು ಟೆಲಿಫೋನ್ ಪುಸ್ತಕದಲ್ಲಿ ಅಡ್ಡಹೆಸರನ್ನೂ ಅಚ್ಚು ಹಾಕಿಸುತ್ತೇವೆ. ನಾನು ಸೆಲ್ವಿನ್ ನಾಬ್ಸ್. ಪುಸ್ತಕದಲ್ಲಿ ಹುಡುಕುವುದಾದರೆ ‘ಆಮೇಲೆ’. ಟೆಲಿಫೋನ್ ಕಚೇರಿಗೆ ಸೇರಿದ ಹೊಸದರಲ್ಲಿ, ಯಾರು ತಂತಿ ರಿಪೇರಿಗೆ ಕರೆದರೂ ನಾನು ಕೊಡುತ್ತಿದ್ದ ಉತ್ತರವೇ ನನ್ನ ಹೆಸರಾಯಿತು. ಅರವತ್ತೆಂಟು ತುಂಬಿದರೂ ನಿವೃತ್ತಿಯ ಅರ್ಜಿ ಹಾಕದಿರುವುದಕ್ಕೆ ಕಾರಣವೂ ಅದೇ.

ನಮ್ಮ ಕಚೇರಿಯಲ್ಲಿ ಕರೆ ಜೋಡಿಸಲು ಮೊದಲು ಆಲಿವ್ ಅತ್ತೆ ಇದ್ದಳು. ಊರಿಗೆಲ್ಲ ಅತ್ತೆ. ಯಾರಾದರೂ ಫೋನ್ ಎತ್ತಿ ಹೆಡ್ಲಿ ಬೇಕು ಎಂದರೆ, ಅವನು ಮನೇಲಿಲ್ಲ, ಮೀನಿಗೆ ಹೋಗಿದಾನೆ, ಅವನ ಗಾಡಿ ಈಗಷ್ಟೇ ಕಿಟಕಿ ಮುಂದೆ ಹೋಯಿತು ಎನ್ನುತ್ತಿದ್ದಳು. ಅವಳು ತೀರಿಕೊಂಡಳು. ಫೋನು ಇಂಟರ್ನೆಟ್ ಮೇಲೆ ಓಡುವ ಕಾಲ ಬಂತು. ಕಚೇರಿಯನ್ನು ಬ್ರಿಸ್ಬೇನ್‌ನ ಒಂದು ಕಂಪನಿ ಕೊಂಡಿತು. ಕೊನೆಗೆ ಕಳೆದ ವರ್ಷ, ಕರೆ ಎತ್ತಿ ಮಾತಾಡಲು ಒಂದು ಎಐ ಏಜೆಂಟನ್ನು ಕೂರಿಸಿದರು. ಊರಿನವರು ಅದಕ್ಕೆ ಎರಡೇ ದಿನದಲ್ಲಿ ‘ಹೊಸ ಆಲಿವ್’ ಎಂದು ಹೆಸರಿಟ್ಟರು.

ಹೊಸ ಆಲಿವ್‌ಗೆ ವಿನಯ ಬಹಳ. ಆದರೆ ಊರಲ್ಲಿ ಒಬ್ಬರ ಪರಿಚಯವೂ ಇಲ್ಲ. ಅದಕ್ಕೆಂದು ಚಂದಾದಾರರನ್ನು ಹುಡುಕುವ ಒಂದು ಸಲಕರಣೆಯನ್ನು ಅದರ ಕೈಗೆ ಕೊಟ್ಟಿದ್ದರು. ಹೆಸರು ಹಾಕಿದರೆ ಆ ಹೆಸರಿನವರ ಪಟ್ಟಿ ಬರುತ್ತದೆ. ಸಲಕರಣೆಯನ್ನು ಹೇಗೆ ಬಳಸಬೇಕೆಂದು ಒಂದು ಬರಹ ಬೇಕು. ಆ ಬರಹವನ್ನು ಏಜೆಂಟು ಪ್ರತಿ ಕರೆಗೂ ಮೊದಲು ಓದುತ್ತದೆ, ಅದರಲ್ಲಿದ್ದುದೇ ಅದಕ್ಕೆ ವೇದವಾಕ್ಯ. ಬರೆಯುವ ಕೆಲಸ ನನಗೆ ಬಂತು. ವಿಮಾನ ನಿಲ್ದಾಣದ ದಾರಿಯಲ್ಲಿ ‘ರಸ್ತೆಯಲ್ಲಿ ಮೊದಲ ಹಕ್ಕು ಹಸುಗಳದು’ ಎಂಬ ಫಲಕವನ್ನು ರಚಿಸಿದವನು ನಾನೇ ಆದ್ದರಿಂದ, ಬೇರೆ ಯಾರ ಹೆಸರೂ ಯಾರಿಗೂ ಹೊಳೆಯದಿದ್ದುದು ಸಹಜ.

ಬ್ರಿಸ್ಬೇನ್‌ನ ಮ್ಯಾನೇಜರ್ ಕರ್ಸ್ಟನ್ ಒಳ್ಳೆಯ ಹುಡುಗಿ. ಫೋನಿನಲ್ಲಿ ಬಿಡಿಸಿ ಹೇಳಿದಳು.

“ಸೆಲ್ವಿನ್ ಅವರೇ, ಊರಿಗೆ ಹೊಸದಾಗಿ ಬಂದಿರೋ ಒಬ್ಬ ಜಾಣ ಹುಡುಗಿಗೆ ಹೇಳಿಕೊಟ್ಟ ಹಾಗೆ ಬರೀರಿ. ಯಾವಾಗ ಹುಡುಕ್ಬೇಕು, ಯಾವಾಗ ಬೇಡ, ಯಾವ ಕಾಲಂ ಏನು ಹೇಳುತ್ತೆ. ಎರಡು ಪುಟ ಸಾಕು. ಆಮೇಲೆ ‘ಗುರುತು’ ಅಂತ ಒಂದು ಕಾಲಂ ಖಾಲಿ ಇದೆ, ಒಂದೇ ಹೆಸರಿನವರು ಹಲವರಿದ್ರೆ ಬೇರೆ ಮಾಡೋದಕ್ಕೆ. ಅದನ್ನೂ ತುಂಬಿಬಿಡಿ.”

ನಾನು ನಲವತ್ತೊಂದು ಪುಟ ಬರೆದೆ. ಜಾಣ ಹುಡುಗಿಗೆ ಎರಡು ಪುಟ ಕೊಟ್ಟು ಕೈ ತೊಳೆದುಕೊಳ್ಳುವುದು ಹಿರಿಯರು ಮಾಡುವ ಕೆಲಸವಲ್ಲ. ‘ಚಂದಾದಾರ ಎಂದರೇನು’ ಎಂಬ ಅಧ್ಯಾಯದಿಂದ ಆರಂಭಿಸಿದೆ. ಹೆಂಡತಿ ರೊವೀನಾಳಿಗೆ ಸಂಜೆ ಸಂಜೆ ಓದಿ ಹೇಳಿದೆ. ಅವಳು ಬಾಳೆಕಾಯಿ ಕಡುಬು ತಟ್ಟುತ್ತ ಒಂದು ಮಾತೂ ಆಡದೆ ಕೇಳಿದಳು. ಮೆಚ್ಚುಗೆಯೆಂದುಕೊಂಡೆ. ನನಗೆ ತೀರ ಹೆಮ್ಮೆ ತಂದ ಸಾಲು ಒಂಬತ್ತನೆಯ ಪುಟದಲ್ಲಿತ್ತು: ‘ಕೇಳಿದ ಹೆಸರಿಗೂ ಹೇಳಿದ ಗುರುತಿಗೂ ತಾಳೆಯಾಗದಿದ್ದರೆ ಗುರುತನ್ನೇ ನಂಬು. ನಮ್ಮಲ್ಲಿ ಹೆಸರು ತಪ್ಪಬಹುದು, ಗುರುತು ತಪ್ಪುವುದಿಲ್ಲ.’

ಗುರುತಿನ ಕಾಲಂ ತುಂಬಲು ಮೂರು ವಾರ ಹಿಡಿಯಿತು. ಬೇರೆ ಊರಿನವರು ಅಲ್ಲಿ ಮನೆಯ ಸಂಖ್ಯೆ, ಬೀದಿ ಎಂದೇನೋ ಬರೆಯುತ್ತಿದ್ದರು. ಇಲ್ಲಿ ಯಾರೂ ಯಾರನ್ನೂ ಬೀದಿಯಿಂದ ಗುರುತಿಸುವುದಿಲ್ಲ. ಅವನ ಕೈಯಲ್ಲಿ ಏನು ಕೆಟ್ಟಿತು ಎನ್ನುವುದರಿಂದ ಗುರುತಿಸುತ್ತೇವೆ. ಇದರಲ್ಲಿ ಕೆಡುಕು ಏನೂ ಇಲ್ಲ, ವಿಳಾಸ ಅಷ್ಟೇ. ಆಲಿವ್ ಅತ್ತೆ ಮಾಡುತ್ತಿದ್ದುದೂ ಅದನ್ನೇ. ಹಾಗಾಗಿ ಇಬ್ಬರು ಬ್ರೈಸ್ ಬಫೆಟ್‌ಗಳಲ್ಲಿ ಒಬ್ಬನ ಮುಂದೆ ‘ತರಕಾರಿ ಸ್ಪರ್ಧೆಗೆ ಪಕ್ಕದ ಮನೆಯ ಕುಂಬಳಕಾಯಿ ತಂದಿಟ್ಟು ಬಹುಮಾನ ಹೊಡೆದವನು’ ಎಂದೂ ಇನ್ನೊಬ್ಬನ ಮುಂದೆ ‘ಹೋರಿಗೆ ಹೆದರಿ ಪಾದ್ರಿಯ ಮನೆಯ ಮಾಡು ಹತ್ತಿದವನು’ ಎಂದೂ ಬರೆದೆ. ನನ್ನ ನಾದಿನಿಯ ಮುಂದೆ ‘ಮೂರು ಸಲ ನಿಶ್ಚಿತಾರ್ಥವಾದವಳು’ ಎಂದು ಬರೆದೆ. ಲೆಕ್ಕಕ್ಕೆ ನಾಲ್ಕು, ಆದರೆ ಸಂಬಂಧಿಕಳೆಂದು ಒಂದು ಬಿಟ್ಟೆ.

ಹೆಡ್ಲಿ ಕ್ವಿಂಟಲ್‌ಗಳು ಮೂವರು. ಒಬ್ಬ ಹೆಡ್ಲಿ ನನ್ನ ಬಾಲ್ಯದ ಗೆಳೆಯ, ನಮ್ಮ ಮನೆಯಿಂದ ನಾಲ್ಕು ಬೇಲಿ ಆಚೆ ಇರುವವನು. ಪುಸ್ತಕದಲ್ಲಿ ಅವನ ಅಡ್ಡಹೆಸರು ‘ಪಿಯಾನೊ’. ಅವನ ಗುರುತಿನ ಕಾಲಂನಲ್ಲಿ ‘ಪಿಯಾನೊ ಮುಳುಗಿಸಿದವನು’ ಎಂದು ಬರೆದೆ. ಬರೆಯುವಾಗ ಕೈ ಒಂದು ಗಳಿಗೆ ನಿಂತಿತು. ಯಾಕೆ ನಿಂತಿತೆಂದು ಆಮೇಲೆ ಹೇಳುತ್ತೇನೆ.

ಬರಹವನ್ನು ಕರ್ಸ್ಟನ್ ಓದದೆ ಒಪ್ಪಿದಳು. ನಲವತ್ತೊಂದು ಪುಟದ ಗುಣವೇ ಅದು. ಸೋಮವಾರ ಬೆಳಿಗ್ಗೆ ಅದು ಜಾರಿಗೆ ಬಂತು. ಒಂಬತ್ತೂವರೆಗೆ ಸಿಡ್ನಿಯಿಂದ ಒಬ್ಬ ಪ್ರವಾಸಿ, ಕೌನ್ಸಿಲ್ ಕಚೇರಿಯ ಬ್ರೈಸ್ ಬಫೆಟ್ ಬೇಕೆಂದು ಕರೆ ಮಾಡಿದ. ಹೊಸ ಆಲಿವ್ ತನ್ನ ಎಂದಿನ ವಿನಯದಿಂದ, “ಖಂಡಿತ ಸ್ವಾಮಿ. ತಾವು ಬಯಸುವುದು ಪಕ್ಕದ ಮನೆಯ ಕುಂಬಳಕಾಯಿ ತಂದಿಟ್ಟು ಬಹುಮಾನ ಹೊಡೆದವರನ್ನೋ, ಹೋರಿಗೆ ಹೆದರಿ ಮಾಡು ಹತ್ತಿದವರನ್ನೋ?” ಎಂದು ಕೇಳಿತು. ಪ್ರವಾಸಿ ಯೋಚಿಸಿ, ಕೌನ್ಸಿಲ್ ಎಂದರೆ ಕುಂಬಳಕಾಯಿಯವರೇ ಇರಬೇಕು ಎಂದನಂತೆ. ಊಹೆ ಸರಿಯಾಗಿತ್ತು. ಕರೆ ಸೇರಿದ ಮೇಲೆ ಅವನು ಮೊದಲು ಮಾಡಿದ ಕೆಲಸವೆಂದರೆ ಬ್ರೈಸ್‌ಗೆ ಬಹುಮಾನದ ಅಭಿನಂದನೆ ಹೇಳಿದ್ದು.

ಹತ್ತು ಗಂಟೆಗೆ ಬ್ರೈಸ್ ನನ್ನ ಮೇಜಿನ ಮುಂದೆ ನಿಂತಿದ್ದ. ಸಾಕ್ಷಿ ಏನಿದೆ ಎಂದು ಕೇಳಿದ. ಕುಂಬಳಕಾಯಿ ಕೊಟ್ಟದ್ದು ನಮ್ಮ ಅಮ್ಮ ಎಂದೆ. ಅವನು ಕೂತು ನೀರು ಕೇಳಿದ. ಮಧ್ಯಾಹ್ನ ನಾದಿನಿ ಬಂದಳು, ಆದರೆ ನನ್ನ ಬಳಿಗಲ್ಲ, ರೊವೀನಾಳ ಬಳಿಗೆ. ಆವತ್ತು ಊಟಕ್ಕೆ ಹಿಂದಿನ ದಿನದ ಕಡುಬು ಸಿಕ್ಕಿತು, ಮೂರನೆಯ ದಿನವೂ ಅದೇ ಕಡುಬು ಸಿಕ್ಕಿತು. ರಸ್ತೆಯಲ್ಲಿ ಎದುರಾದ ಗಾಡಿಯವರು ಕೈ ಎತ್ತುವುದನ್ನು ನಿಲ್ಲಿಸಿದರು. ನಮ್ಮಲ್ಲಿ ಎದುರು ಬಂದವನು ಶತ್ರುವಾದರೂ ಸ್ಟೀರಿಂಗ್ ಮೇಲಿಂದ ಒಂದು ಬೆರಳಾದರೂ ಎತ್ತುವುದು ಪದ್ಧತಿ. ಹುಟ್ಟಿದಾಗಿನಿಂದ ನನಗೆ ಬೆರಳು ಎತ್ತದ ಗಾಡಿಯನ್ನು ನಾನು ನೋಡಿರಲಿಲ್ಲ.

ಆದರೆ ಸಿಟ್ಟು ಎಲ್ಲರಿಗೂ ಒಂದೇ ಕಾರಣಕ್ಕೆ ಬಂದಿರಲಿಲ್ಲ. ಎಲ್‌ವುಡ್ ಎಂಬ ಮುದುಕ, ತನ್ನ ಹೆಸರಿನ ಮುಂದೆ ಏನೂ ಬರೆದಿಲ್ಲವೆಂದು ಕೋಲು ಊರಿಕೊಂಡು ಬಂದ. ದ್ವೀಪದಲ್ಲಿ ಎಲ್‌ವುಡ್ ಒಬ್ಬನೇ, ಬೇರೆ ಮಾಡುವ ಅಗತ್ಯವಿರಲಿಲ್ಲ ಎಂದು ವಿವರಿಸಿದೆ.

“ಎಂಬತ್ನಾಲ್ಕು ವರ್ಷ ಈ ಕಲ್ಲಿನ ಮೇಲೆ ಬಾಳಿದೀನಿ,” ಎಂದ ಅವನು. “ಬರೆಯೋ ಅಂಥ ತಪ್ಪು ಒಂದೂ ಮಾಡಿಲ್ವಾ ನಾನು? ಜೀಪನ್ನ ಬಂದರಿನ ಕಟ್ಟೆಯಿಂದ ಕೆಳಗೆ ಬಿಟ್ಟೋರು ಯಾರು ಮತ್ತೆ, ನಿಮ್ಮಪ್ಪನಾ?”

ಬರೆದುಕೊಂಡೆ. ತೃಪ್ತನಾಗಿ ಹೋದ.

ಶುಕ್ರವಾರ ಸಭಾಭವನದಲ್ಲಿ ಊರಿನ ಸಭೆ ಸೇರಿತು. ಗೋಡೆಯ ಮೇಲಿನ ಪರದೆಯಲ್ಲಿ ಕರ್ಸ್ಟನ್ ಇದ್ದಳು, ಈಗ ನಲವತ್ತೊಂದೂ ಪುಟ ಓದಿದ ಮುಖದಲ್ಲಿ. ಅವಳು ಕಾಲಂ ಅಳಿಸಿಬಿಡೋಣ ಎಂದಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಜನ ಒಪ್ಪಲಿಲ್ಲ. ಅಳಿಸಿದರೆ ತಮ್ಮನ್ನು ಹುಡುಕುವುದು ಹೇಗೆ ಎಂದರು. ಅಳಿಸುವುದು ಬೇಡ, ತಿದ್ದಬೇಕು ಎಂದರು. ಹೋರಿಯ ಬ್ರೈಸ್, ತಾನು ಹತ್ತಿದ್ದು ಹೆದರಿಕೆಯಿಂದಲ್ಲ, ಮಾಡು ಸೋರುತ್ತಿತ್ತು ಎಂದು ಬರೆಸಬೇಕೆಂದ. ನಾದಿನಿ ಎದ್ದು ನಿಂತು, ಮೂರಲ್ಲ, ನಾಲ್ಕು, ಬರೆಯುವುದಾದರೆ ಸರಿಯಾಗಿ ಬರಿ ಎಂದಳು. ಎರಡು ಗಂಟೆ ಹೊತ್ತು ಒಬ್ಬೊಬ್ಬರಾಗಿ ತಮ್ಮ ತಪ್ಪುಗಳ ತಿದ್ದುಪಡಿ ಓದಿದರು, ನಾನು ಬರೆದುಕೊಂಡೆ.

ಕೊನೆಯ ಬೆಂಚಿನಲ್ಲಿ ಹೆಡ್ಲಿ ಕೂತಿದ್ದ. ಕರ್ಸ್ಟನ್ ಪಟ್ಟಿ ನೋಡಿ, ನಿಮ್ಮದೇನಾದರೂ ತಿದ್ದುಪಡಿ ಇದೆಯೇ ಎಂದು ಅವನನ್ನು ಕೇಳಿದಳು. ಅವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

“ನಂದು ಸರಿಯಾಗಿದೆ, ಹಾಗೇ ಇರ್ಲಿ,” ಎಂದ. ನನ್ನ ಕಡೆ ನೋಡಲಿಲ್ಲ.

ಆಮೇಲೆ ಹೇಳುತ್ತೇನೆಂದಿದ್ದು ಇದನ್ನೇ. ಐವತ್ತು ವರ್ಷದ ಹಿಂದೆ ನಾನೂ ಹೆಡ್ಲಿಯೂ ಹಡಗಿನ ಸರಕು ಇಳಿಸುವ ದೋಣಿಯಲ್ಲಿ ಕೆಲಸಕ್ಕಿದ್ದೆವು. ನಮ್ಮಲ್ಲಿ ಹಡಗು ದಡಕ್ಕೆ ಬರುವುದಿಲ್ಲ. ದೂರದಲ್ಲಿ ನಿಲ್ಲುತ್ತದೆ, ಸರಕನ್ನು ದೋಣಿಗೆ ಇಳಿಸಿಕೊಂಡು ತರಬೇಕು. ಆ ದಿನ ಬಂದದ್ದು ಒಂದು ಪಿಯಾನೊ, ಹೆಡ್ಲಿಯ ಅಕ್ಕ ಥೆಲ್ಮಾಳದು. ಅವಳು ಹೋಟೆಲಿನಲ್ಲಿ ಮೂರು ವರ್ಷ ಪಾತ್ರೆ ತೊಳೆದು ಅದನ್ನು ತರಿಸಿದ್ದಳು. ಊರಿನ ಮಕ್ಕಳಿಗೆ ಕಲಿಸುವ ಆಸೆ ಅವಳಿಗೆ. ಹೆಡ್ಲಿ ಚುಕ್ಕಾಣಿ ಹಿಡಿದಿದ್ದ. ಹಗ್ಗದ ಗಂಟು ಹಾಕಿದವನು ನಾನು. ಗಂಟು ಸಡಿಲವಾಗಿದೆ ಎಂದು ನನಗೆ ಅನಿಸಿತ್ತು. ದಡ ಹತ್ತಿರವಾದ ಮೇಲೆ ಬಿಗಿ ಮಾಡಿದರಾಯಿತು ಎಂದುಕೊಂಡೆ. ಒಂದು ಅಲೆ ಎದ್ದಿತು, ಪಿಯಾನೊ ಪಕ್ಕಕ್ಕೆ ಜಾರಿತು, ಅಷ್ಟೇ. ಕಟ್ಟೆಯ ಮೇಲೆ ಥೆಲ್ಮಾ ಬಿಳಿಯ ಅಂಗಿ ತೊಟ್ಟು ನಿಂತಿದ್ದಳು.

ಯಾರು ಮಾಡಿದ್ದು ಎಂದು ಮೇಸ್ತ್ರಿ ಕೇಳಿದ. ನಾನು ನನ್ನ ಕಾಲು ನೋಡಿಕೊಂಡೆ. ಚುಕ್ಕಾಣಿ ನನ್ನ ಕೈಲಿತ್ತು ಎಂದ ಹೆಡ್ಲಿ. ಎರಡು ತಿಂಗಳಿಗೆ ಥೆಲ್ಮಾ ನ್ಯೂಜಿಲೆಂಡಿಗೆ ಹೊರಟುಹೋದಳು. ತಮ್ಮನಿಗೆ ಒಂದು ಕಾಗದವನ್ನೂ ಬರೆಯಲಿಲ್ಲ, ಅವನು ಬರೆದವೆಲ್ಲ ವಾಪಸು ಬಂದವು. ಅಮ್ಮ ಸತ್ತಾಗಲೂ ಬರಲಿಲ್ಲ. ಹೇಳಬೇಕು ಎಂದು ನಾನು ಪ್ರತಿ ವರ್ಷವೂ ಅಂದುಕೊಂಡೆ. ನನ್ನ ಅಡ್ಡಹೆಸರು ನನಗೆ ರಿಪೇರಿಯಿಂದ ಬಂತು ಎಂದು ಊರು ತಿಳಿದಿದೆ.

ಸಭೆಯ ಮರುದಿನ ಬೆಳಿಗ್ಗೆ ಕಚೇರಿಗೆ ಹೋಗಿ ಮೊದಲು ಮಾಡಿದ ಕೆಲಸ, ಹೆಡ್ಲಿಯ ಮುಂದಿದ್ದ ‘ಪಿಯಾನೊ ಮುಳುಗಿಸಿದವನು’ ಎಂಬುದನ್ನು ತೆಗೆದು ನನ್ನ ಹೆಸರಿನ ಮುಂದೆ ಹಾಕಿದ್ದು. ಬರೆದ ಮೇಲೆ ಎದೆ ಹಗುರಾಯಿತು. ಐವತ್ತು ವರ್ಷದ ತಪ್ಪನ್ನು ಒಪ್ಪಿಕೊಂಡುಬಿಟ್ಟೆ ಎಂದುಕೊಂಡೆ. ಯಂತ್ರ ಮಾತ್ರ ಓದುವ ಜಾಗದಲ್ಲಿ ಒಪ್ಪಿಕೊಂಡರೆ ಒಪ್ಪಿಕೊಂಡ ಹಾಗಲ್ಲ ಎಂಬುದು ಹೊಳೆಯಲಿಲ್ಲ. ಹೆಡ್ಲಿಗೆ ಹೇಳುವುದನ್ನು ಮುಂದಿನ ವಾರಕ್ಕೆ ಇಟ್ಟುಕೊಂಡೆ.

ಅಂದಿನಿಂದ ಹೆಡ್ಲಿಯ ಕರೆಗಳೆಲ್ಲ ನನ್ನ ಮನೆಗೆ ಬರತೊಡಗಿದವು. ಯಾರು ಪಿಯಾನೊ ಎಂದರೂ ಹೊಸ ಆಲಿವ್ ಪಟ್ಟಿ ನೋಡುತ್ತಿತ್ತು, ಹೆಸರು ಗುರುತು ತಾಳೆಯಾಗದೆ ಒಂಬತ್ತನೆಯ ಪುಟ ನೆನೆಯುತ್ತಿತ್ತು, ಗುರುತನ್ನೇ ನಂಬುತ್ತಿತ್ತು. ಅವನ ಎಲೆಕೋಸಿಗೆ ಬೆಲೆ ಕೇಳುವವರು, ಅವನ ಹೋರಿ ಬೇಲಿ ಹಾರಿದೆ ಎನ್ನುವವರು, ಎಲ್ಲರೂ ನನ್ನಲ್ಲಿಗೇ. ನಾನು ಸುದ್ದಿ ಬರೆದುಕೊಂಡು ನಾಲ್ಕು ಬೇಲಿ ದಾಟಿ ಹೋಗಿ, ಕಚೇರಿಯಲ್ಲಿ ಏನೋ ತೊಂದರೆ ಎಂದು ಹೇಳಿ ಬರುತ್ತಿದ್ದೆ. ಹತ್ತು ದಿನ ಹೀಗೇ ನಡೆಯಿತು. ಹೋದಾಗಲೆಲ್ಲ ಹೆಡ್ಲಿ ಟೀ ಕೊಡುತ್ತಿದ್ದ. ಟೀ ಕುಡಿದು ಬರುತ್ತಿದ್ದೆ.

ಹನ್ನೊಂದನೆಯ ದಿನ ಸಂಜೆ ನಾಲ್ಕಕ್ಕೆ ಫೋನ್ ಗಂಟೆ ಬಾರಿಸಿತು. ಹೊಸ ಆಲಿವ್ ಎಂದಿನಂತೆ, “ನ್ಯೂಜಿಲೆಂಡಿನಿಂದ ಒಬ್ಬರು ಕರೆ ಮಾಡಿದ್ದಾರೆ. ಹೆಡ್ಲಿ ಕ್ವಿಂಟಲ್ ಎಂದರು. ಮೂವರಲ್ಲಿ ಯಾರು ಎಂದು ಕೇಳಿದೆ. ಪಿಯಾನೊ ಮುಳುಗಿಸಿದವರು ಎಂದರು. ಆದ್ದರಿಂದ ತಮಗೆ ಜೋಡಿಸುತ್ತಿದ್ದೇನೆ,” ಎಂದಿತು. ಬೇಡ ಎನ್ನುವಷ್ಟರಲ್ಲಿ ಜೋಡಿಸಿತ್ತು.

“ನನ್ನ ಪಿಯಾನೊ ಮುಳುಗಿಸಿದೋನು ನೀನೇನಾ?” ಎಂದಿತು ಒಂದು ಹೆಣ್ಣು ದನಿ.

ಆ ಪ್ರಶ್ನೆಯನ್ನು ಐವತ್ತು ವರ್ಷ ಯಾರೂ ನನ್ನನ್ನು ಕೇಳಿರಲಿಲ್ಲ. ಹೌದು ಎಂದುಬಿಟ್ಟೆ.

“ದನಿ ಬದಲಾಗಿದೆ ನಿಂದು.”

“ವಯಸ್ಸಾಯ್ತು,” ಎಂದೆ.

“ನಂಗೂ ಆಯ್ತು. ಬೆರಳೆಲ್ಲ ಗಂಟು ಕಟ್ಟಿ ಸೊಟ್ಟಗಾಗಿವೆ ಕಣೋ. ನಿನ್ನೆ ಡಾಕ್ಟ್ರು, ಇನ್ನು ಇವು ನೆಟ್ಟಗಾಗಲ್ಲಮ್ಮ ಅಂದ್ರು. ವಾಪಸ್ ಬರ್ತಾ ಬಸ್ಸಲ್ಲಿ ಯೋಚ್ನೆ ಮಾಡ್ದೆ. ಇವತ್ತು ಯಾರಾದ್ರೂ ಪಿಯಾನೊ ತಂದಿಟ್ರೂ ನುಡಿಸಕ್ಕಾಗಲ್ಲ ನಂಗೆ. ಮತ್ತೆ ಆ ಸಿಟ್ಟು ಯಾಕೆ ಇಟ್ಕೊಂಡಿದೀನಿ? ಬಿಟ್ಟೆ. ಅದನ್ನ ಹೇಳಕ್ಕೇ ಮಾಡ್ದೆ. ಏನೂ ಇಲ್ಲ ಇನ್ನು ನಿನ್ನ ಮೇಲೆ.”

ಅವಳ ಉಸಿರು ಕೇಳುತ್ತಿತ್ತು. ನಾನು ಹೆಡ್ಲಿಯಲ್ಲ, ಮುಳುಗಿಸಿದ್ದು ಅವನಲ್ಲ, ಗಂಟು ನನ್ನದು, ತಮ್ಮ ಅಲ್ಲೇ ನಾಲ್ಕು ಬೇಲಿ ಆಚೆ ಇದ್ದಾನೆ, ಇರು, ಕರೆತರುತ್ತೇನೆ ಎಂದು ಒಟ್ಟಿಗೇ ಹೇಳಬೇಕಾಗಿತ್ತು. ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಾಗಲಿಲ್ಲ.

“ಏನಾದ್ರೂ ಹೇಳೋ,” ಎಂದಳು.

“ಆಮೇಲೆ,” ಎಂದೆ.

ಆಮೇಲೆ ಏನೋ ಇತ್ತು, ವಾಕ್ಯ ಅಲ್ಲಿಗೆ ಮುಗಿದಿರಲಿಲ್ಲ, ದೇವರಾಣೆ. “ಐವತ್ತು ವರ್ಷ ಆದ್ಮೇಲೂ ಆಮೇಲೇನಾ,” ಎಂದಳು. “ಸರಿ ಬಿಡು. ನಂಗೆ ಹೇಳೋದಿತ್ತು, ಹೇಳ್ದೆ.” ಫೋನಿಟ್ಟಳು. ಸಂಖ್ಯೆ ಮುಚ್ಚಿಟ್ಟು ಕರೆ ಮಾಡಿದ್ದಳು. ಆ ಸಂಖ್ಯೆ ಹುಡುಕಿಕೊಡು ಎಂದು ಹೊಸ ಆಲಿವ್ ಅನ್ನು ಕೇಳಿದೆ. ನಮ್ಮ ದ್ವೀಪದ ಚಂದಾದಾರರನ್ನು ಮಾತ್ರ ಹುಡುಕಬಲ್ಲೆ, ಮೂರನೆಯ ಪುಟದಲ್ಲಿ ತಾವೇ ಹಾಗೆ ಬರೆದಿದ್ದೀರಿ ಎಂದಿತು.

ಗಾಡಿ ತೆಗೆದುಕೊಂಡು ಹೋಗಬೇಕಿರಲಿಲ್ಲ, ನಾಲ್ಕು ಬೇಲಿ. ಆದರೂ ಗಾಡಿ ತೆಗೆದೆ. ಎರಡನೆಯ ಬೇಲಿಯ ಬಳಿ ಒಂದು ಹಸು ರಸ್ತೆಗೆ ಅಡ್ಡ ಮಲಗಿತ್ತು. ಫಲಕ ಬರೆದವನು ನಾನೇ. ಇಳಿದು ನಡೆದೆ.

ಹೆಡ್ಲಿ ಎಲೆಕೋಸಿಗೆ ನೀರು ಹಾಕುತ್ತಿದ್ದ. ಈ ಸಲ ಟೀ ಬೇಡ ಎಂದೆ. ನಿಂತಲ್ಲೇ ಎಲ್ಲ ಹೇಳಿದೆ. ಗಂಟು, ಕಾಲಂ, ಹತ್ತು ದಿನದ ಸುಳ್ಳು, ಥೆಲ್ಮಾ, ಆಮೇಲೆ. ಅವನು ಕೊಳವೆ ಕೈಯಲ್ಲಿ ಹಿಡಿದೇ ಕೇಳಿದ. ನೀರು ಒಂದೇ ಗಿಡದ ಬುಡಕ್ಕೆ ಬಿದ್ದು ಕೆಸರಾಯಿತು.

“ಗಂಟು ನಿಂದು ಅಂತ ದೋಣಿಯಲ್ಲೇ ಗೊತ್ತಿತ್ತು,” ಎಂದ. “ನೀನು ಹೇಳ್ತೀಯ ಅಂತ ಕಾದೆ. ಹತ್ತು ವರ್ಷ ಕಾದೆ ಅನ್ಸುತ್ತೆ. ಆಮೇಲೆ ಹೆಸರು ಒಗ್ಗಿಹೋಯ್ತು.”

ಅವನು ನಲ್ಲಿ ನಿಲ್ಲಿಸಿ ಬಂದು ನನ್ನ ಎದುರು ನಿಂತ.

“ಅವಳ ದನಿ ಹೇಗಿತ್ತು?”

ಹೇಗಿತ್ತೆಂದು ಹೇಳಲು ಬಹಳ ಪ್ರಯತ್ನಪಟ್ಟೆ. ನಲವತ್ತೊಂದು ಪುಟ ಬರೆದವನಿಗೆ ಒಂದು ದನಿಯನ್ನು ಬಣ್ಣಿಸಲು ಬರಲಿಲ್ಲ. ಅವಳು ತಮ್ಮನಿಗೆಂದು ಹೇಳಿದ ಮಾತುಗಳನ್ನು ಒಂದೂ ಬಿಡದೆ ಒಪ್ಪಿಸಿದೆ. ಅವನು ಇನ್ನೊಂದು ಸಲ ಹೇಳು ಎಂದ, ಹೇಳಿದೆ. ಅದು ಅವನ ಹೆಸರಿಗೆ ಬಂದ ಮಾತು, ಕೇಳಿಸಿಕೊಂಡವನು ನಾನು.

ಮರುದಿನ ಬರಹವನ್ನು ಮತ್ತೆ ತಿದ್ದಿದೆ. ಪಿಯಾನೊ ಎಂದು ಕೇಳಿದರೆ ಹೆಡ್ಲಿ ಎಂದು ಬರೆದೆ, ಅವನೇ ಆ ಹೆಸರು ವಾಪಸು ಕೊಡು ಎಂದಿದ್ದ. ನನ್ನ ಮುಂದೆ ‘ಗಂಟು ಹಾಕಿದವನು, ಹೇಳದೆ ಉಳಿದವನು’ ಎಂದು ಬರೆದೆ. ಒಂದೇ ವಾರದಲ್ಲಿ ಹೊಸ ಆಲಿವ್‌ನ ಬಾಯಿಂದ ಊರಿಗೆಲ್ಲ ಗೊತ್ತಾಯಿತು. ಕುಂಬಳಕಾಯಿ ಬ್ರೈಸ್ ಮತ್ತೆ ನನಗೆ ಬೆರಳು ಎತ್ತತೊಡಗಿದ, ತನಗಿಂತ ಕೆಳಗೆ ಒಬ್ಬ ಸಿಕ್ಕಿದ ಸಮಾಧಾನದಲ್ಲಿ. ರೊವೀನಾ ಮಾತ್ರ, ನಲವತ್ತನಾಲ್ಕು ವರ್ಷ ಒಂದೇ ಮಂಚದಲ್ಲಿ ಮಲಗಿದೀವಿ, ನನಗೂ ಹೇಳಲಿಲ್ಲವಲ್ಲ ನೀನು ಎಂದಳು.

ಬರಹದ ಕೊನೆಗೆ ಇನ್ನೊಂದು ಸಾಲು ಸೇರಿಸಿದೆ: ‘ನ್ಯೂಜಿಲೆಂಡಿನಿಂದ ವಯಸ್ಸಾದ ಹೆಂಗಸು ಯಾರೇ ಕರೆ ಮಾಡಿದರೂ, ಯಾರನ್ನು ಕೇಳಿದರೂ, ಏನನ್ನೂ ವಿಚಾರಿಸದೆ ಹೆಡ್ಲಿಯ ಮನೆಗೆ ಜೋಡಿಸು. ಅವನು ಹಿತ್ತಿಲಲ್ಲಿರುತ್ತಾನೆ, ಬರುವುದು ನಿಧಾನ. ಬಾರಿಸುತ್ತಲೇ ಇರು.’

ನಮ್ಮ ದ್ವೀಪದಲ್ಲಿ ಅರ್ಧ ಮನೆಗಳ ಹಿರಿಯ ಹೆಂಗಸರು ನ್ಯೂಜಿಲೆಂಡಿನಲ್ಲಿದ್ದಾರೆಂಬುದು ಬರೆಯುವಾಗ ನೆನಪಿಗೆ ಬರಲಿಲ್ಲ. ಈಗ ಆ ಚಿಕ್ಕಮ್ಮ ದೊಡ್ಡಮ್ಮಂದಿರ ಕರೆಗಳೆಲ್ಲ ಹೆಡ್ಲಿಗೇ ಹೋಗುತ್ತವೆ. ಬಾರಿಸಿದಾಗಲೆಲ್ಲ ಅವನು ಕೊಳವೆ ಬಿಸಾಡಿ ಓಡಿಬಂದು, “ಥೆಲ್ಮಾ?” ಎನ್ನುತ್ತಾನೆ. ಆ ಕಡೆಯವರು, ಇಲ್ಲಪ್ಪ, ನಾನು ಎಲ್‌ವುಡ್‌ನ ತಂಗಿ, ಸೊಂಟದ ಆಪರೇಷನ್ ಆಯಿತು ಎನ್ನುತ್ತಾರೆ. ಅವನು ಸೊಂಟದ ವಿಷಯವನ್ನು ಪೂರ್ತಿ ಕೇಳಿ, ಟೋಪಿ ಹಾಕಿಕೊಂಡು, ಎಲ್‌ವುಡ್‌ನ ಮನೆಗೆ ನಡೆದು ಹೋಗಿ ಸುದ್ದಿ ಮುಟ್ಟಿಸಿ ಬರುತ್ತಾನೆ. ಏಳು ತಿಂಗಳಾಯಿತು. ಥೆಲ್ಮಾ ಮತ್ತೆ ಕರೆ ಮಾಡಿಲ್ಲ.

ಊರಿನಿಂದ ದೂರುಗಳು ಹೋಗಿವೆ. ಕರ್ಸ್ಟನ್ ಮೂರು ಸಲ ಫೋನ್ ಮಾಡಿದಳು. ನಿನ್ನೆ ಮಾಡಿದಾಗ ಅವಳ ದನಿಯಲ್ಲಿ ಸಿಟ್ಟಿತ್ತು.

“ಸೆಲ್ವಿನ್ ಅವರೇ, ಆ ಕೊನೇ ಸಾಲು ತಪ್ಪು ಅಂತ ನಿಮಗೂ ಗೊತ್ತು. ಯಾವಾಗ ತೆಗೀತೀರಿ?”

“ಆಮೇಲೆ,” ಎಂದೆ.